ವಿಮಾನ ಕಂಪನಿಯೇ ಮುಳುಗಿದರೆ ಟಿಕೆಟ್ಟಿನ ಹಣಕ್ಕೆ ವಿಮೆ ಉಂಟೇ?

ಪ್ರಶ್ನೆ: ಮಾನ್ಯರೇ, ನಮ್ಮ ಎರಡು ಕುಟುಂಬಗಳ ಹನ್ನೊಂದು ಮಂದಿ ಕಾಶಿಯಾತ್ರೆಗೆಂದು ಬೆಂಗಳೂರಿನಿಂದ ವಾರಾಣಸಿಗೆ ಹೋಗಿಬರುವ ವಿಮಾನದ ಟಿಕೆಟುಗಳನ್ನು ಇಲ್ಲಿಯ ಟ್ರಾವೆಲ್ ಏಜೆಂಟರೊಬ್ಬರ ಮೂಲಕ ತಲಾ 14,200 ರೂಪಾಯಿಯಂತೆ ಮಾಡಿಸಿದ್ದೇವೆ. ಹಣವನ್ನು ಯುಪಿಐ ಮೂಲಕ ಅವರ ಖಾತೆಗೆ ಹಾಕಿದೆವು. ಜೊತೆಗೆ ತಲಾ 249 ರೂಪಾಯಿಯ ಪ್ರಯಾಣ ವಿಮೆಯನ್ನೂ ಅವರೇ ಮಾಡಿಸಿದರು. ಪ್ರಯಾಣಕ್ಕೆ ಇನ್ನೂ ಎರಡು ತಿಂಗಳಿದೆ. ಈಗ ನೋಡಿದರೆ ಆ ವಿಮಾನ ಕಂಪನಿ ಸಿಬ್ಬಂದಿಗೆ ಸಂಬಳ ಕೊಟ್ಟಿಲ್ಲವೆಂದೂ ಕೆಲವು ವಿಮಾನಗಳು ಹಾರಾಟ ನಿಲ್ಲಿಸಿವೆಯೆಂದೂ ಪತ್ರಿಕೆಗಳಲ್ಲಿ ಬರುತ್ತಿದೆ. ಏಜೆಂಟರನ್ನು ಕೇಳಿದರೆ, ‘ಇನ್ಶೂರೆನ್ಸ್ ಇದೆಯಲ್ಲ ಸಾರ್, ಯಾಕೆ ಚಿಂತೆ’ ಎನ್ನುತ್ತಾರೆ. ಕಂಪನಿ ಮುಚ್ಚಿದರೆ ವಿಮೆಯಿಂದ ಹಣ ಬರುವುದೇ? ಈಗಲೇ ಟಿಕೆಟ್ ರದ್ದು ಮಾಡಿಸುವುದು ಒಳ್ಳೆಯದೇ?
– ನಿವೃತ್ತ ಶಿಕ್ಷಕರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ತಮ್ಮ ಏಜೆಂಟರು ಸುಳ್ಳು ಹೇಳುತ್ತಿದ್ದಾರೆಂದು ನಾನು ಹೇಳಲಾರೆ, ಆದರೆ ಅವರು ಪಾಲಿಸಿಯ ಷರತ್ತುಗಳನ್ನು ಓದಿದಂತೆ ಕಾಣುವುದಿಲ್ಲ. ಟಿಕೆಟ್ಟಿನ ಜೊತೆಗೆ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಪ್ರಯಾಣ ವಿಮೆ ಪ್ರಯಾಣಿಕನಿಗೆ ಒದಗುವ ಕಷ್ಟಕ್ಕಾಗಿ ಇರುವಂಥದ್ದು. ಹೊರಡುವ ಮುನ್ನ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ, ಮನೆಯಲ್ಲಿ ಸಾವು ಸಂಭವಿಸಿದರೆ, ಸಾಮಾನು ಕಳೆದುಹೋದರೆ, ವಿಮಾನ ಇಂತಿಷ್ಟು ಗಂಟೆಗಿಂತ ಹೆಚ್ಚು ತಡವಾದರೆ, ಅಪಘಾತವಾದರೆ ಅದು ಉಪಯೋಗಕ್ಕೆ ಬರುತ್ತದೆ. ವಿಮಾನ ಕಂಪನಿ ದಿವಾಳಿಯಾಗುವುದು ಪ್ರಯಾಣಿಕನ ಕಷ್ಟವಲ್ಲ, ವ್ಯಾಪಾರದ ಸೋಲು ಎಂಬುದು ವಿಮಾ ಕಂಪನಿಗಳ ವಾದ. ಆದ್ದರಿಂದ ಅನೇಕ ಪಾಲಿಸಿಗಳಲ್ಲಿ ‘ಯಾವುದಕ್ಕೆ ಪರಿಹಾರವಿಲ್ಲ’ ಎಂಬ ಭಾಗದಲ್ಲಿ ಸಾರಿಗೆ ಸಂಸ್ಥೆಯ ದಿವಾಳಿತನ ಅಥವಾ ಹಣಕಾಸಿನ ವೈಫಲ್ಯವನ್ನು ನೇರವಾಗಿಯೇ ಬರೆದಿರುತ್ತಾರೆ. ತಾವು ಆ ಪಾಲಿಸಿಯ ಪೂರ್ಣ ಷರತ್ತುಗಳ ಪ್ರತಿಯನ್ನು ಏಜೆಂಟರಿಂದ ಮಿಂಚಂಚೆಯಲ್ಲಿ ತರಿಸಿಕೊಂಡು ಆ ಭಾಗವನ್ನು ಒಮ್ಮೆ ಓದಿರಿ. ಒಂದು ಪುಟದ ಸರ್ಟಿಫಿಕೇಟಿನಲ್ಲಿ ಇದು ಕಾಣಿಸುವುದಿಲ್ಲ.

ಕಂಪನಿ ಮುಚ್ಚಿದರೆ ಟಿಕೆಟ್ಟಿನ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿದರೆ ಮುಂದಿನ ನಿರ್ಧಾರ ಸುಲಭವಾಗುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಉದಾಹರಣೆಗಳು ಸಾಕಷ್ಟಿವೆ. ಕಿಂಗ್‌ಫಿಷರ್ ಏರ್‌ಲೈನ್ಸಿನ ಪರವಾನಗಿ 2012ರ ಅಕ್ಟೋಬರಿನಲ್ಲಿ ಅಮಾನತಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಕೊನೆಯ ಬಾರಿ ಹಾರಿತು, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದರ ಆಸ್ತಿಯನ್ನು ಮಾರಿ ಮುಚ್ಚಿಬಿಡುವಂತೆ ಆದೇಶಿಸಿತು. ಗೋ ಫಸ್ಟ್ 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಸಲ್ಲಿಸಿ ಮರುದಿನದಿಂದಲೇ ಹಾರಾಟ ನಿಲ್ಲಿಸಿತು, ಮೇ 10ರಂದು ನ್ಯಾಯಮಂಡಳಿ ಅರ್ಜಿಯನ್ನು ಅಂಗೀಕರಿಸಿತು. ಹೀಗೆ ಅಂಗೀಕಾರವಾದ ದಿನದಿಂದ ದಿವಾಳಿ ಸಂಹಿತೆಯ 14ನೇ ಕಲಮಿನಂತೆ ಕಂಪನಿಯ ಮೇಲೆ ವಸೂಲಿಗಾಗಿ ಯಾರೂ ದಾವೆ ಮುಂದುವರಿಸುವಂತಿಲ್ಲ. ಟಿಕೆಟ್ಟಿನ ಹಣ ವಾಪಸು ಬರಬೇಕಾದ ಪ್ರಯಾಣಿಕರೂ ತಮ್ಮ ಹಕ್ಕನ್ನು ಅರ್ಜಿಯ ಮೂಲಕ ದಾಖಲಿಸಿ ಸಾಲಿನಲ್ಲಿ ನಿಲ್ಲಬೇಕು.

ಆ ಸಾಲು ಎಂಥದ್ದೆಂಬುದು ನಮ್ಮ ಊರಿನವರಿಗೆ ಬೇಗ ಅರ್ಥವಾಗುತ್ತದೆ. ಮೆಕ್ಕೆಜೋಳದ ಖರೀದಿದಾರನೊಬ್ಬ ಕೈಯೆತ್ತಿದಾಗ ಮೊದಲು ಗೋದಾಮಿಗೆ ಬೀಗ ಹಾಕುವುದು ಅಡವು ಇಟ್ಟುಕೊಂಡ ಬ್ಯಾಂಕು, ಚೀಟಿ ಹಿಡಿದು ಬಾಗಿಲ ಹೊರಗೆ ನಿಲ್ಲುವವನು ಮಾಲು ಕೊಟ್ಟ ರೈತ. ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ 53ನೇ ಕಲಮು ಹೇಳುವ ಕ್ರಮವೂ ಹೆಚ್ಚುಕಡಿಮೆ ಹೀಗೆಯೇ ಇದೆ: ಮೊದಲು ಪ್ರಕ್ರಿಯೆಯ ಖರ್ಚು, ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡವಿನ ಸಾಲ ಕೊಟ್ಟವರು, ಅನಂತರ ಉಳಿದ ನೌಕರರ 12 ತಿಂಗಳ ಬಾಕಿ, ಬಳಿಕ ಅಡವಿಲ್ಲದೆ ಸಾಲ ಕೊಟ್ಟ ಹಣಕಾಸು ಸಂಸ್ಥೆಗಳು, ಆಮೇಲೆ ಸರ್ಕಾರ, ಇವೆಲ್ಲ ಮುಗಿದು ಉಳಿದರೆ ಇತರ ಬಾಕಿದಾರರು. ಪ್ರಯಾಣಿಕ ಈ ಕೊನೆಯ ಗುಂಪಿನವನು, ಅವನ ಹಿಂದೆ ಇರುವವರು ಷೇರುದಾರರು ಮಾತ್ರ. ಅಲ್ಲದೆ ಈ ವ್ಯವಹಾರದಲ್ಲಿ ವಿಮಾನಗಳೇ ಬಹುಪಾಲು ಬಾಡಿಗೆಯವು. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ ವಿಮಾನ ಮತ್ತು ಎಂಜಿನ್‌ಗಳಿಗೆ 14ನೇ ಕಲಮಿನ ತಡೆ ಅನ್ವಯಿಸದ ಕಾರಣ, ಬಾಡಿಗೆಗೆ ಕೊಟ್ಟವರು ಅವನ್ನು ಬಿಡಿಸಿಕೊಂಡು ಹೋಗಬಹುದು. ಹಂಚಲು ಉಳಿಯುವುದೆಷ್ಟು ಎಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಇನ್ನು ರದ್ದು ಮಾಡಿಸುವ ವಿಚಾರ. ಕಂಪನಿ ತಾನೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ತಮ್ಮ ಹಕ್ಕು, ನಾವಾಗಿ ರದ್ದು ಮಾಡಿದರೆ ಶುಲ್ಕ ಕಳೆಯುತ್ತಾರೆ. ಈ ಕಾರಣಕ್ಕೆ ಹಲವರು ‘ಅವರೇ ರದ್ದು ಮಾಡಲಿ’ ಎಂದು ಕಾಯುತ್ತಾರೆ. ಕಂಪನಿ ಗಟ್ಟಿಯಾಗಿರುವಾಗ ಇದು ಜಾಣತನ, ಕಂಪನಿ ಅಲುಗಾಡುತ್ತಿರುವಾಗ ಇದೇ ತಪ್ಪು ಲೆಕ್ಕ. ತಲಾ 4,000 ರೂಪಾಯಿ ಶುಲ್ಕ ಎಂದು ಇಟ್ಟುಕೊಂಡರೆ ತಾವು ಈಗ ಕಳೆದುಕೊಳ್ಳುವುದು 44,000 ರೂಪಾಯಿ, ಕಂಪನಿ ಬಾಗಿಲು ಹಾಕಿದ ಮೇಲೆ ಸಿಕ್ಕಿಕೊಳ್ಳುವುದು 1,56,200 ರೂಪಾಯಿ. ವಿಮಾನಗಳು ಇನ್ನೂ ಹಾರುತ್ತಿರುವಾಗ, ಹಿಂದೆ ರದ್ದು ಮಾಡಿದವರಿಗೆ ಹಣ ವಾಪಸು ಬರುತ್ತಿರುವಾಗ ಹೊರಬರುವುದೇ ಲೇಸೆಂದು ನನ್ನ ಅಭಿಪ್ರಾಯ. ರದ್ದತಿ ಶುಲ್ಕ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತವನ್ನು ಮೀರುವಂತಿಲ್ಲವೆಂದೂ, ‘ಹಣ ವಾಪಸಿಲ್ಲ’ ಎಂಬ ಅಗ್ಗದ ಟಿಕೆಟ್ಟಿಗೂ ವಿಮಾನ ನಿಲ್ದಾಣದ ಶುಲ್ಕ ಮತ್ತು ತೆರಿಗೆಯನ್ನು ಹಿಂದಿರುಗಿಸಬೇಕೆಂದೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಏಜೆಂಟರ ಮೂಲಕ ಕೊಂಡ ಟಿಕೆಟ್ಟಿಗೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಕಂಪನಿಯದೇ. ಒಂದು ಎಚ್ಚರಿಕೆ: ನಗದಿನ ಬದಲು ‘ಕ್ರೆಡಿಟ್ ಶೆಲ್’ ಕೊಡುತ್ತೇವೆ, ಮುಂದೆ ಇದೇ ಕಂಪನಿಯ ಟಿಕೆಟ್ಟಿಗೆ ಬಳಸಿಕೊಳ್ಳಿ ಎಂದರೆ ಒಪ್ಪಬೇಡಿರಿ. ಅದನ್ನು ಆಯ್ದುಕೊಳ್ಳುವುದು ಪ್ರಯಾಣಿಕನ ಇಷ್ಟವೇ ಹೊರತು ಕಂಪನಿಯ ಇಷ್ಟವಲ್ಲ. ನನ್ನ ಷಡ್ಡಕರು ಹಿಂದೊಮ್ಮೆ ‘ಹೇಗೂ ಮುಂದಿನ ವರ್ಷ ಹೋಗುವುದಿದೆಯಲ್ಲ’ ಎಂದು ಅದಕ್ಕೆ ಒಪ್ಪಿದರು. ಮುಂದಿನ ವರ್ಷ ಬಂತು, ಆ ಕಂಪನಿ ಇರಲಿಲ್ಲ.

ಪ್ರಶ್ನೆ: ನಾನು ಟಿಕೆಟನ್ನು ಮೊಬೈಲ್ ಆ್ಯಪಿನಲ್ಲಿ ಕ್ರೆಡಿಟ್ ಕಾರ್ಡಿನಿಂದ ಕೊಂಡಿದ್ದೇನೆ. ಅಂಥದ್ದೇ ಕಂಪನಿ ಮುಂದೆ ನಿಂತುಹೋದರೆ ನನ್ನ ಪರಿಸ್ಥಿತಿಯೂ ಇದೇ ಏನು?
– ಒಬ್ಬ ಓದುಗರು, ಚಿತ್ರದುರ್ಗ

ಉತ್ತರ: ತಮ್ಮ ಸ್ಥಿತಿ ಮೇಲಿನವರಿಗಿಂತ ಎಷ್ಟೋ ಮೇಲು. ಕಾರ್ಡಿನಿಂದ ಹಣ ಕೊಟ್ಟು, ಅದಕ್ಕೆ ಪ್ರತಿಯಾಗಿ ಸೇವೆ ಸಿಗದಿದ್ದರೆ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ತಕರಾರು ದಾಖಲಿಸಬಹುದು. ಇದಕ್ಕೆ ‘ಚಾರ್ಜ್‌ಬ್ಯಾಕ್’ ಎನ್ನುತ್ತಾರೆ. ಇಲ್ಲಿ ತಾವು ದಿವಾಳಿಯಾದ ಕಂಪನಿಯನ್ನು ಕೇಳುತ್ತಿಲ್ಲ. ತಮ್ಮ ಬ್ಯಾಂಕು ಕಾರ್ಡು ಜಾಲದ ನಿಯಮದಂತೆ, ಆ ಕಂಪನಿಯ ಪರವಾಗಿ ಹಣ ಪಡೆದ ಬ್ಯಾಂಕನ್ನು ಕೇಳುತ್ತದೆ. ಇದೇ ವ್ಯತ್ಯಾಸದಿಂದ ಅನೇಕ ಸಲ ವಿಮೆ ಕೊಡದಿದ್ದ ಹಣವನ್ನು ಕಾರ್ಡು ಕೊಡಿಸುತ್ತದೆ. ಕಾಲಮಿತಿ ಸಾಮಾನ್ಯವಾಗಿ 120 ದಿನಗಳು, ಆದರೆ ಬ್ಯಾಂಕುಗಳು ಅದಕ್ಕಿಂತ ಬೇಗ ಕೇಳಿಕೊಳ್ಳುವುದುಂಟು, ಆದ್ದರಿಂದ ಹಾರಾಟ ನಿಂತ ಸುದ್ದಿ ಬಂದ ವಾರದಲ್ಲೇ ಟಿಕೆಟ್ಟಿನ ಪ್ರತಿ, ರದ್ದಾದ ಸಂದೇಶ ಮತ್ತು ಕಾರ್ಡಿನ ಬಿಲ್ಲನ್ನು ಜೋಡಿಸಿ ಲಿಖಿತವಾಗಿ ಕೊಟ್ಟುಬಿಡಿ. ಡೆಬಿಟ್ ಕಾರ್ಡಿಗೂ ಈ ದಾರಿ ಇದೆ. ಏಜೆಂಟರ ಖಾತೆಗೆ ಹಣ ಹಾಕಿ, ಅವರು ತಮ್ಮ ವ್ಯಾಲೆಟ್ಟಿನಿಂದ ಟಿಕೆಟ್ ಮಾಡಿಸಿದ್ದರೆ ಮಾತ್ರ ತಕರಾರು ಹೂಡುವ ಹಕ್ಕು ಪ್ರಯಾಣಿಕನ ಕೈಯಲ್ಲಿ ಇರುವುದಿಲ್ಲ. ಏಜೆಂಟರಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಕಂಪನಿಯ ಬಗ್ಗೆ ಅನುಮಾನವಿದ್ದಾಗ ಅವರ ಅಂಗಡಿಯಲ್ಲಿ ಕುಳಿತಾದರೂ ಸರಿ, ತಮ್ಮ ಕಾರ್ಡಿನಿಂದಲೇ ಕೊಳ್ಳಿರಿ.

ಅಂದಹಾಗೆ, ಆ್ಯಪಿನಲ್ಲಿ ವಿಮೆಯ ಚೌಕಕ್ಕೆ ತಾನಾಗಿಯೇ ಗುರುತು ಬಿದ್ದಿದ್ದರೆ ಅದು ತಪ್ಪು. ಕೊಳ್ಳುವವರು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದನ್ನು 2023ರ ನವೆಂಬರಿನಲ್ಲಿ ಹೊರಟ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ನಿಷೇಧಿಸಿದೆ.

ಪ್ರಶ್ನೆ: ಮಗಳು ವಿದೇಶಕ್ಕೆ ಹೋಗುವವಳಿದ್ದಾಳೆ. ವಿಮಾನ ಕಂಪನಿಯ ದಿವಾಳಿಗೂ ಪರಿಹಾರ ಕೊಡುವ ವಿಮೆ ಎಲ್ಲಿಯೂ ಇಲ್ಲವೇ?
– ಒಬ್ಬ ತಾಯಿ, ಹರಿಹರ

ಉತ್ತರ: ಇದೆ. ಬ್ರಿಟನ್, ಅಮೆರಿಕಗಳಲ್ಲಿ ‘ವಿಮಾನ ಕಂಪನಿಯ ವೈಫಲ್ಯ’ ಎಂಬ ಹೆಸರಿನಲ್ಲಿಯೇ ಇಂಥ ರಕ್ಷಣೆ ಸಿಗುತ್ತದೆ. ನಮ್ಮಲ್ಲಿಯೂ ಪಾಲಿಸಿ ಕೊಳ್ಳುವ ಮುನ್ನ ‘ಸಾರಿಗೆ ಸಂಸ್ಥೆಯ ಹಣಕಾಸು ವೈಫಲ್ಯ ಇದರಲ್ಲಿ ಸೇರಿದೆಯೇ’ ಎಂದು ಬರಹದಲ್ಲಿ ಕೇಳಿ, ಬರಹದಲ್ಲಿಯೇ ಉತ್ತರ ಪಡೆಯಿರಿ. ಆದರೆ ಆ ರಕ್ಷಣೆ ಇರುವ ಕಡೆಯಲ್ಲೂ ಸುದ್ದಿ ಹೊರಬಿದ್ದ ಮೇಲೆ ಕೊಂಡ ಪಾಲಿಸಿಗೆ ಅದು ಒದಗುವುದಿಲ್ಲ. ತೊಂದರೆಯಲ್ಲಿರುವ ಕಂಪನಿಗಳ ಪಟ್ಟಿಯನ್ನು ವಿಮೆಯವರೇ ಇಟ್ಟುಕೊಂಡಿರುತ್ತಾರೆ, ‘ಮೊದಲೇ ತಿಳಿದಿದ್ದ ಸಂಗತಿ’ ಎಂದು ಕ್ಲೇಮನ್ನು ತಳ್ಳಿಹಾಕುತ್ತಾರೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದೆಂದರೆ ಟಿಕೆಟ್ ಕೊಂಡ ಒಂದೆರಡು ದಿನಗಳಲ್ಲಿಯೇ ಪಾಲಿಸಿ ಕೊಳ್ಳಬೇಕು. ದಿವಾಳಿಯ ರಕ್ಷಣೆ ಸಿಗಲಿಲ್ಲವೆಂದು ವಿಮೆಯನ್ನೇ ಬಿಡಬೇಡಿರಿ, ವಿದೇಶದ ಆಸ್ಪತ್ರೆಯ ಬಿಲ್ಲು ಟಿಕೆಟ್ಟಿನ ಹಣಕ್ಕಿಂತ ದೊಡ್ಡ ಹೊಡೆತ.

ಷರತ್ತಿನಲ್ಲಿ ರಕ್ಷಣೆ ಇದ್ದೂ ಕ್ಲೇಮು ನಿರಾಕರಿಸಿದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹಾಕಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.