ಪ್ರಯೋಗಾಲಯದ ಕಾಣದ ಖರ್ಚು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಶ್ವವಿದ್ಯಾಲಯಗಳ ಸಂಶೋಧನಾ ಪ್ರಯೋಗಾಲಯಗಳು ಪರಿಸರದ ಮೇಲೆ ಹೊರಿಸುವ ಭಾರವನ್ನು ತಗ್ಗಿಸುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ನಾನು ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತಿರುವ ಪಿಎಚ್.ಡಿ. ವಿದ್ಯಾರ್ಥಿನಿ. ನಮ್ಮ ಪ್ರಯೋಗಾಲಯದಿಂದ ಪ್ರತಿದಿನ ಚೀಲಗಟ್ಟಲೆ ಪಿಪೆಟ್ ಟಿಪ್ (ದ್ರವ ಅಳೆದು ಹಾಕುವ ಉಪಕರಣದ ಬಿಸಾಡುವ ತುದಿ), ಟ್ಯೂಬ್, ಕೈಗವಸುಗಳು ಹೊರಹೋಗುತ್ತವೆ. ಈ ಪ್ಲಾಸ್ಟಿಕ್ಕನ್ನು ನಿಲ್ಲಿಸಿದರೆ ನಮ್ಮ ಪ್ರಯೋಗಾಲಯ ಪರಿಸರಸ್ನೇಹಿ ಆದಂತಾಗುತ್ತದೆಯೇ?

ಉತ್ತರ: ಅದು ಅರ್ಧ ದಾರಿಯೂ ಆಗುವುದಿಲ್ಲ, ಆದರೂ ಮಾಡಲೇಬೇಕಾದ ಕೆಲಸ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತಮ್ಮ ಜೀವವಿಜ್ಞಾನ ವಿಭಾಗದ ಪ್ಲಾಸ್ಟಿಕ್ ಕಸವನ್ನು ಲೆಕ್ಕ ಹಾಕಿ, ಅದರ ಆಧಾರದ ಮೇಲೆ ಜಗತ್ತಿನ ಜೀವವಿಜ್ಞಾನ ಮತ್ತು ವೈದ್ಯಕೀಯ ಸಂಶೋಧನೆಯಿಂದ ವರ್ಷಕ್ಕೆ ಸುಮಾರು 55 ಲಕ್ಷ ಟನ್ ಪ್ಲಾಸ್ಟಿಕ್ ಕಸ ಹುಟ್ಟುತ್ತಿರಬಹುದೆಂದು 2015ರಲ್ಲಿ ಅಂದಾಜಿಸಿದರು. ಒಂದು ವಿಭಾಗದ ಲೆಕ್ಕವನ್ನು ಇಡೀ ಜಗತ್ತಿಗೆ ಹಿಗ್ಗಿಸಿದ ಅಂದಾಜು ಇದಾದ್ದರಿಂದ ಇದನ್ನು ಅಳೆದ ಸಂಖ್ಯೆ ಎನ್ನಲಾಗದು. ಆದರೆ ಸಮಸ್ಯೆಯ ಗಾತ್ರವನ್ನು ಇದು ಸರಿಯಾಗಿಯೇ ತೋರಿಸುತ್ತದೆ.

ಕಸದ ಚೀಲ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಮನಸ್ಸನ್ನು ಚುಚ್ಚುತ್ತದೆ. ಚಾವಣಿಯ ಮೇಲಿನ ಫ್ಯಾನು ಹೊರಗೆ ತಳ್ಳುತ್ತಿರುವ ತಂಪು ಗಾಳಿ, ಮೂಲೆಯಲ್ಲಿ ವರ್ಷವಿಡೀ ಓಡುವ ಡೀಪ್ ಫ್ರೀಜರ್, ಶುಕ್ರವಾರ ಆರಿಸದೆ ಬಿಟ್ಟ ವಾಟರ್ ಬಾತ್ ಎಂಬ ಬಿಸಿನೀರಿನ ತೊಟ್ಟಿ, ಇವು ಹಾಗೆ ಕಾಣಿಸುವುದಿಲ್ಲ. ಅಷ್ಟೇ ವಿಸ್ತೀರ್ಣದ ಕಚೇರಿ ಕಟ್ಟಡಕ್ಕಿಂತ ಪ್ರಯೋಗಾಲಯವು ಹಲವು ಪಟ್ಟು ಹೆಚ್ಚು ಶಕ್ತಿಯನ್ನು ಬಳಸುತ್ತದೆ. ಅದರ ಬಹುಪಾಲು ಗಾಳಿಯನ್ನು ಸಾಗಿಸುವುದಕ್ಕೆ, ತಂಪು ಅಥವಾ ಬಿಸಿ ಮಾಡುವುದಕ್ಕೆ ಹೋಗುತ್ತದೆ. ಸುಧಾರಣೆಯ ಉತ್ಸಾಹವೆಲ್ಲ ಕಸದ ಬುಟ್ಟಿಯ ಬಳಿಯೇ ಮುಗಿದುಹೋಗಬಾರದು ಎಂಬುದು ನನ್ನ ಕಳಕಳಿ.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ನಿಮ್ಮ ಕೈಯಲ್ಲಿರುವುದು ಇಷ್ಟು. ಬಫರ್ (ಆಮ್ಲೀಯತೆ ಸ್ಥಿರವಾಗಿರುವ ದ್ರಾವಣ) ತಯಾರಿಕೆಯಂತಹ, ಕ್ರಿಮಿಶುದ್ಧತೆ ಬೇಡದ ಕೆಲಸಗಳಿಗೆ ಗಾಜಿನ ಪಾತ್ರೆ ಮತ್ತು ಗಾಜಿನ ಪಿಪೆಟ್ ಬಳಸಿ. ಟಿಪ್‌ಗಳನ್ನು ಪ್ರತಿ ಬಾರಿ ಹೊಸ ಡಬ್ಬಿಯಲ್ಲಿ ಕೊಳ್ಳುವ ಬದಲು ಹಳೆಯ ಡಬ್ಬಿಗೆ ತುಂಬುವ ರೀಫಿಲ್ ಕೊಳ್ಳಿ. 10 ಮಿಲಿಲೀಟರ್ ದ್ರವಕ್ಕೆ 50 ಮಿಲಿಲೀಟರ್ ಟ್ಯೂಬ್ ತೆಗೆಯುವ ಅಭ್ಯಾಸವನ್ನು ಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಸೋಂಕಿನ ಕಸದ ಚೀಲಕ್ಕೆ ರಟ್ಟು, ಹೊದಿಕೆ, ಖಾಲಿ ಡಬ್ಬಿಗಳನ್ನು ಹಾಕಬೇಡಿ. ಆ ಚೀಲಕ್ಕೆ ಬಿದ್ದ ಶುದ್ಧ ವಸ್ತುವೂ ಆಟೋಕ್ಲೇವ್ (ಒತ್ತಡದ ಹಬೆಯಿಂದ ಕ್ರಿಮಿಶುದ್ಧಗೊಳಿಸುವ ಯಂತ್ರ) ಅಥವಾ ದಹನದ ದಾರಿಯನ್ನೇ ಹಿಡಿಯಬೇಕಾಗುತ್ತದೆ. ಜೀವಂತ ಕೋಶ ಅಥವಾ ರೋಗಾಣು ತಗುಲಿದ ವಸ್ತುವನ್ನು ಮಾತ್ರ ಯಾವ ಕಾರಣಕ್ಕೂ ನಿಯಮ ಮೀರಿ ಮರುಬಳಸಬೇಡಿ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್‌ಗಳು ಹಲವಾರಿವೆ. ಅವುಗಳನ್ನು ಮೈನಸ್ 70ಕ್ಕೆ ಏರಿಸಿದರೆ ವಿದ್ಯುತ್ ಉಳಿಯುತ್ತದೆಂದು ಕೇಳಿದ್ದೇನೆ. ಮಾದರಿಗಳು ಕೆಟ್ಟರೆ ಯಾರು ಹೊಣೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಪ್ರಯೋಗಾಲಯದ ಉಸ್ತುವಾರಿಯಾದ ನಾನು ಏನು ಹೇಳಲಿ?

ಉತ್ತರ: ನಿಮ್ಮ ಸಹೋದ್ಯೋಗಿಗಳ ಭಯ ಅಸಹಜವಲ್ಲ. ವರ್ಷಗಳ ದುಡಿಮೆ ಆ ಪೆಟ್ಟಿಗೆಯೊಳಗಿದೆ. ಆದರೆ ಮೈನಸ್ 80 ಎಂಬುದು ಜೀವರಸಾಯನಶಾಸ್ತ್ರ ನಿಗದಿಪಡಿಸಿದ ಗಡಿಯಲ್ಲ, ಬಳಕೆಯಿಂದ ಬೇರೂರಿದ ರೂಢಿ ಎಂಬುದನ್ನು ಅವರಿಗೆ ಮೊದಲು ತಿಳಿಸಿ. ಹಿಂದಿನ ಕಾಲದ ಫ್ರೀಜರ್‌ಗಳು ಮೈನಸ್ 60ರಿಂದ 70ರ ಆಸುಪಾಸಿನಲ್ಲೇ ಕೆಲಸ ಮಾಡುತ್ತಿದ್ದವು. ಯಂತ್ರಗಳ ಸಾಮರ್ಥ್ಯ ಹೆಚ್ಚಿದಂತೆ ಗುರಿಯೂ ಕೆಳಗಿಳಿಯಿತು. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದವರು ಮೈನಸ್ 70ರಲ್ಲಿ ಅಥವಾ ಅದಕ್ಕಿಂತ ಮೇಲಿನ ಉಷ್ಣತೆಯಲ್ಲಿ ಸುರಕ್ಷಿತವಾಗಿ ಇಟ್ಟ ಮಾದರಿಗಳ ಪಟ್ಟಿಯನ್ನು ಬೇರೆ ಬೇರೆ ಪ್ರಯೋಗಾಲಯಗಳಿಂದ ಸಂಗ್ರಹಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅದರಲ್ಲಿ ನಿಮ್ಮ ಮಾದರಿಯ ಬಗೆ ಇದೆಯೇ ಎಂದು ನೋಡಿ ಮುಂದುವರಿಯುವುದು ಒಳ್ಳೆಯದು.

ಉಳಿತಾಯ ಎಷ್ಟು? ಹತ್ತು ಡಿಗ್ರಿ ಏರಿಸಿದರೆ ಫ್ರೀಜರ್ ಬಳಸುವ ವಿದ್ಯುತ್ತಿನಲ್ಲಿ ಸರಿಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಹಳೆಯ ಯಂತ್ರವೊಂದು ದಿನಕ್ಕೆ 20 ಯೂನಿಟ್ ಎಳೆಯುತ್ತದೆಂದುಕೊಂಡರೆ ವರ್ಷಕ್ಕೆ 7,300 ಯೂನಿಟ್ ಆಗುತ್ತದೆ. ಅದರಲ್ಲಿ ಸುಮಾರು 2,200 ಯೂನಿಟ್ ಒಂದು ಗುಂಡಿ ಒತ್ತಿದ್ದರಿಂದ ಉಳಿಯುತ್ತದೆ. ಫ್ರೀಜರ್ ಬಳಸಿದ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿ ಕೋಣೆಯೊಳಗೇ ಸುರಿಯುವುದರಿಂದ, ಅದನ್ನು ಹೊರಹಾಕಲು ಹವಾನಿಯಂತ್ರಣ ಯಂತ್ರ ಪಡುವ ಶ್ರಮವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಕಂಪ್ರೆಸರ್ ಕೂಡ ಕಡಿಮೆ ದಣಿಯುತ್ತದೆ.

ವಿದ್ಯುತ್ ಕೈಕೊಟ್ಟಾಗ ಮೈನಸ್ 70ರಿಂದ ಮೇಲೇರುವ ಮಾದರಿಗೆ ಮೈನಸ್ 80ರಿಂದ ಏರುವ ಮಾದರಿಗಿಂತ ಸ್ವಲ್ಪ ಕಡಿಮೆ ಕಾಲಾವಕಾಶ ಇರುತ್ತದೆ ಎಂಬುದು ನಿಜ. ಆದರೆ ಆ ಅಪಾಯಕ್ಕೆ ಸರಿಯಾದ ಉತ್ತರ ಎಚ್ಚರಿಕೆ ಗಂಟೆ, ಬದಲಿ ವಿದ್ಯುತ್ತು ಮತ್ತು ಖಾಲಿ ಇಟ್ಟುಕೊಂಡ ಒಂದು ಮೀಸಲು ಫ್ರೀಜರ್. ಹತ್ತು ಡಿಗ್ರಿಯ ಹೆಚ್ಚುವರಿ ಶೈತ್ಯವನ್ನೇ ನಂಬಿ ಕುಳಿತವರ ಮಾದರಿಗಳೂ ದೀರ್ಘ ವಿದ್ಯುತ್ ನಿಲುಗಡೆಯಲ್ಲಿ ಕರಗುತ್ತವೆ.

ಎಲ್ಲ ಮಾದರಿಗಳನ್ನೂ ಒಂದೇ ದಿನ ಏರಿಸಿ ಎಂದು ನಾನು ಹೇಳುತ್ತಿಲ್ಲ. ವೈದ್ಯಕೀಯ ಪ್ರಯೋಗಕ್ಕೆ ಸೇರಿದ, ಒಪ್ಪಂದದಲ್ಲಿ ಉಷ್ಣತೆಯನ್ನು ನಮೂದಿಸಿರುವ ಮಾದರಿಗಳನ್ನು ಮುಟ್ಟುವಂತಿಲ್ಲ. ಸೂಕ್ಷ್ಮವಾದ ಆರ್‌ಎನ್‌ಎ ಅಥವಾ ಅಸ್ಥಿರ ಕಿಣ್ವಗಳಿದ್ದರೆ ಒಂದು ಭಾಗವನ್ನು ಮೈನಸ್ 70ರಲ್ಲಿಟ್ಟು ಪರೀಕ್ಷಿಸಿದ ಮೇಲೆ ನಿರ್ಧರಿಸಿ. ಶುದ್ಧೀಕರಿಸಿದ ಡಿಎನ್‌ಎಗೆ ಬಹುತೇಕ ಸಂದರ್ಭಗಳಲ್ಲಿ ಮೈನಸ್ 20 ಸಾಕು. ಜೀವಂತ ಕೋಶಗಳನ್ನು ವರ್ಷಗಟ್ಟಲೆ ಇಡಬೇಕಾದರೆ ಮೈನಸ್ 80 ಕೂಡ ಸಾಲದು, ದ್ರವ ಸಾರಜನಕದ ತೊಟ್ಟಿಯೇ ಬೇಕು. ಅಂದರೆ ಮೈನಸ್ 80ರಲ್ಲಿರುವ ಎಷ್ಟೋ ವಸ್ತುಗಳು ಅಲ್ಲಿ ಇರಬೇಕಾದವೇ ಅಲ್ಲ.

ಅದಕ್ಕೇ ಉಷ್ಣತೆ ಬದಲಿಸುವುದಕ್ಕೂ ಮುಂಚೆ ಪಟ್ಟಿ ಮಾಡಿ. ಯಾವ ಅರೆಯಲ್ಲಿ ಯಾವ ಡಬ್ಬಿ, ಯಾರದು, ಯಾವ ವರ್ಷದ್ದು ಎಂದು ಬರೆದಿಟ್ಟರೆ, ಬಾಗಿಲು ತೆರೆದು ಹುಡುಕುವ ಹೊತ್ತು ಕಡಿಮೆಯಾಗುತ್ತದೆ. ಪದವಿ ಮುಗಿಸಿ ಹೋದವರು ಬಿಟ್ಟುಹೋದ ವಾರಸುದಾರರಿಲ್ಲದ ಮಾದರಿಗಳೂ ಹೊರಬೀಳುತ್ತವೆ. ಎಷ್ಟೋ ವಿಭಾಗಗಳಲ್ಲಿ ಹೊಸ ಫ್ರೀಜರ್ ಬೇಕೆನ್ನುವ ಬೇಡಿಕೆ ಈ ಪಟ್ಟಿಯೊಂದಿಗೇ ಕರಗಿಹೋಗುತ್ತದೆ. ಹಿಮವನ್ನು ಕೆರೆಯುವುದು, ಶೋಧಕದ ಧೂಳು ತೆಗೆಯುವುದು, ಬಾಗಿಲಿನ ರಬ್ಬರು ಪರೀಕ್ಷಿಸುವುದು ಯಾರೋ ಒಬ್ಬರ ಹೆಸರಿನಲ್ಲಿ ನಿಗದಿಯಾಗಿರಲಿ. ಹಳೆಯದನ್ನು ಬದಲಿಸುವ ಕಾಲ ಬಂದಾಗ ಈಥೇನ್, ಪ್ರೊಪೇನ್‌ಗಳಂಥ ಹೈಡ್ರೋಕಾರ್ಬನ್ ಶೀತಕ ಬಳಸುವ ಯಂತ್ರವನ್ನೇ ಕೇಳಿ. ಹಳೆಯ ಯಂತ್ರಗಳ ಫ್ಲೋರಿನ್‌ಯುಕ್ತ ಶೀತಕಗಳಲ್ಲಿ ಕೆಲವು ಸೋರಿದರೆ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಹೆಚ್ಚು ತಾಪವನ್ನು ವಾತಾವರಣದಲ್ಲಿ ಹಿಡಿದಿಡುತ್ತವೆ.

ಪ್ರಶ್ನೆ: ರಸಾಯನಶಾಸ್ತ್ರದ ಸಂಶೋಧಕನಾದ ನನಗೆ ಸುರಕ್ಷತಾಧಿಕಾರಿಗಳು ಫ್ಯೂಮ್ ಹುಡ್ (ಹಾನಿಕರ ಆವಿಯನ್ನು ಹೀರಿ ಹೊರಹಾಕುವ ಗೂಡು) ನಿಲ್ಲಿಸಬೇಡ ಎನ್ನುತ್ತಾರೆ, ಇಂಧನ ವಿಭಾಗದವರು ಅದರ ಗಾಜಿನ ಬಾಗಿಲು ಮುಚ್ಚು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಕೇಳಿ, ಇಬ್ಬರೂ ಸರಿ ಹೇಳುತ್ತಿದ್ದಾರೆ. ಗಾಜಿನ ಬಾಗಿಲು ಕೆಳಗಿದ್ದಾಗ ಅದು ನಿಮ್ಮ ಮುಖಕ್ಕೂ ಸ್ಫೋಟಕ್ಕೂ ನಡುವಿನ ತಡೆಯೂ ಹೌದು, ಉಳಿತಾಯವೂ ಹೌದು.

ಒಂದು ಲೆಕ್ಕ ಮಾಡೋಣ. ಒಂದೂವರೆ ಮೀಟರ್ ಅಗಲದ ಹುಡ್‌ನ ಬಾಗಿಲು ಅರ್ಧ ಮೀಟರ್ ತೆರೆದಿದ್ದು, ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಒಳನುಗ್ಗುತ್ತಿದ್ದರೆ, ಗಂಟೆಗೆ 1,350 ಘನ ಮೀಟರ್ ಗಾಳಿ ಹೊರಹೋಗುತ್ತದೆ. ಹೀಗೆ ಹೋಗುವುದು ವಿದ್ಯುತ್ ಸುರಿದು ತಂಪಾಗಿಸಿದ, ಇಲ್ಲವೇ ಬಿಸಿ ಮಾಡಿದ, ಶೋಧಿಸಿದ ಗಾಳಿ. ಹೋದಷ್ಟನ್ನೂ ಹೊಸದಾಗಿ ತರಬೇಕು, ಹೊಸದಾಗಿ ಹದಗೊಳಿಸಬೇಕು, ರಾತ್ರಿ ಯಾರೂ ಇಲ್ಲದಾಗಲೂ.

ನಿಮ್ಮ ಹುಡ್ ಯಾವ ಬಗೆಯದು ಎಂಬುದು ಇಲ್ಲಿ ನಿರ್ಣಾಯಕ. ಬಾಗಿಲಿನ ಎತ್ತರಕ್ಕೆ ತಕ್ಕಂತೆ ಗಾಳಿಯ ಪ್ರಮಾಣ ಬದಲಾಗುವ ವ್ಯವಸ್ಥೆಯಿದ್ದರೆ ಮುಚ್ಚಿದೊಡನೆ ಉಳಿತಾಯ ಆರಂಭವಾಗುತ್ತದೆ, ಆದರೂ ಸುರಕ್ಷತೆಗೆ ಬೇಕಾದ ಕನಿಷ್ಠ ಹರಿವು ಉಳಿದೇ ಇರುತ್ತದೆ. ಹಾರ್ವರ್ಡ್ ಮುಂತಾದ ವಿಶ್ವವಿದ್ಯಾಲಯಗಳು ನಡೆಸಿದ ‘ಬಾಗಿಲು ಮುಚ್ಚಿ’ ಆಂದೋಲನಗಳು ಇಂಥ ಹುಡ್‌ಗಳನ್ನೇ ಗುರಿಯಾಗಿಸಿಕೊಂಡಿದ್ದವು. ಸ್ಥಿರ ಹರಿವಿನ ಹಳೆಯ ಹುಡ್‌ನಲ್ಲಿ ಬಾಗಿಲು ಮುಚ್ಚಿದರೆ ರಕ್ಷಣೆ ಸಿಗುತ್ತದೆ, ವಿದ್ಯುತ್ ಮಾತ್ರ ಉಳಿಯುವುದಿಲ್ಲ. ಅಲ್ಲಿ ಕಟ್ಟಡದ ಎಂಜಿನಿಯರರೇ ಕೈಹಾಕಬೇಕು. ಫ್ಯಾನಿಗೆ ಬೇಕಾದ ಶಕ್ತಿ ಗಾಳಿಯ ಹರಿವಿನ ಘನಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಹರಿವನ್ನು ಶೇ 20ರಷ್ಟು ತಗ್ಗಿಸಿದರೆ ಫ್ಯಾನಿನ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಷ್ಟು ದೊಡ್ಡ ಲಾಭ ಬೇರೆ ಯಾವ ಕ್ರಮದಿಂದಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಹರಿವನ್ನು ತಗ್ಗಿಸುವ, ಬಳಸದ ಹುಡ್‌ಗೆ ಬೀಗ ಹಾಕಿ ನಿಲ್ಲಿಸುವ ನಿರ್ಧಾರಗಳು ಎಂಜಿನಿಯರ್ ಮತ್ತು ಸುರಕ್ಷತಾಧಿಕಾರಿ ಒಟ್ಟಿಗೆ ಕುಳಿತು, ಅಳೆದು, ಲಿಖಿತವಾಗಿ ಕೈಗೊಳ್ಳಬೇಕಾದವು. ಸಂಶೋಧಕರು ತಾವೇ ಗುಂಡಿ ತಿರುಗಿಸುವ ಕೆಲಸ ಇದಲ್ಲ.

ನೀವು ಮಾಡಬಹುದಾದದ್ದು ಎರಡು. ಕೆಲಸ ಮುಗಿದಾಗ ಬಾಗಿಲನ್ನು ಪೂರ್ತಿ ಇಳಿಸಿ. ಹುಡ್ ಅನ್ನು ಸೀಸೆಗಳ ಉಗ್ರಾಣವಾಗಿ ಬಳಸಬೇಡಿ. ಆ ಸೀಸೆಗಳಿರುವವರೆಗೆ ಅದನ್ನು ನಿಲ್ಲಿಸುವುದಕ್ಕೆ ಯಾರಿಗೂ ಆಗುವುದಿಲ್ಲ.

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿಗಳ ರಸಾಯನಶಾಸ್ತ್ರ ಪ್ರಯೋಗಗಳಲ್ಲಿ ನೀರು ಮತ್ತು ದ್ರಾವಕಗಳ ಬಳಕೆಯನ್ನು ತಗ್ಗಿಸುವುದು ಹೇಗೆ?

ಉತ್ತರ: ನೀರಿನಿಂದ ಆರಂಭಿಸಿ. ನಿಮಿಷಕ್ಕೆ ಎರಡು ಲೀಟರಿನಂತೆ ಕಂಡೆನ್ಸರ್ (ಆವಿಯನ್ನು ತಂಪಾಗಿಸಿ ದ್ರವವಾಗಿಸುವ ಕೊಳವೆ) ಮೂಲಕ ಹರಿದು ಚರಂಡಿ ಸೇರುವ ನೀರು ಎಂಟು ಗಂಟೆಯಲ್ಲಿ 960 ಲೀಟರ್ ಆಗುತ್ತದೆ, ಅದೂ ಒಂದೇ ಒಂದು ಮೇಜಿನಲ್ಲಿ. ನೀರನ್ನು ಮತ್ತೆ ಮತ್ತೆ ಸುತ್ತಿಸುವ ಚಿಲ್ಲರ್, ಅಥವಾ ಸಾಧಾರಣ ರಿಫ್ಲಕ್ಸಿಗೆ (ಕುದಿದ ಆವಿಯನ್ನು ತಣಿಸಿ ಮತ್ತೆ ಪಾತ್ರೆಗೇ ಇಳಿಸುವ ವಿಧಾನ) ನೀರೇ ಬೇಡದ ಗಾಳಿ ಕಂಡೆನ್ಸರ್ ಇದನ್ನು ಬಹುತೇಕ ಇಲ್ಲವಾಗಿಸುತ್ತದೆ. ನಲ್ಲಿಗೆ ಜೋಡಿಸುವ ನಿರ್ವಾತ ಪಂಪಿನ ಬದಲು ಡಯಾಫ್ರಮ್ ಪಂಪ್ ಬಳಸಿದರೆ ನೀರೂ ಉಳಿಯುತ್ತದೆ, ದ್ರಾವಕದ ಆವಿ ಚರಂಡಿಗೆ ಸೇರುವುದೂ ತಪ್ಪುತ್ತದೆ.

ದ್ರಾವಕಗಳ ವಿಷಯದಲ್ಲಿ, ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮುಂದಿಟ್ಟ ಹಸಿರು ರಸಾಯನಶಾಸ್ತ್ರದ 12 ತತ್ವಗಳಲ್ಲಿ ಮೊದಲನೆಯದೇ ದಾರಿ ತೋರಿಸುತ್ತದೆ: ಕಸವನ್ನು ಹುಟ್ಟಿದ ಮೇಲೆ ಸಂಸ್ಕರಿಸುವುದಕ್ಕಿಂತ ಹುಟ್ಟದಂತೆ ತಡೆಯುವುದು ಲೇಸು. ಕಲಿಕೆಯ ಪ್ರಯೋಗವನ್ನು ಹತ್ತನೇ ಒಂದು ಪಾಲು ಗಾತ್ರದಲ್ಲಿ ಮಾಡಿಸಿದರೂ ಕೌಶಲ ಅಷ್ಟೇ ಬರುತ್ತದೆ. ಹೆಕ್ಸೇನ್ ಬದಲು ಹೆಪ್ಟೇನ್ ಬಳಸಬಹುದು. ಹೆಕ್ಸೇನ್ ದೇಹದಲ್ಲಿ ನರಗಳಿಗೆ ಹಾನಿ ಮಾಡುವ ವಸ್ತುವಾಗಿ ಮಾರ್ಪಡುತ್ತದೆ. ಡೈಕ್ಲೋರೋಮೀಥೇನ್ ಇರುವ ಎಷ್ಟೋ ಕ್ರೊಮ್ಯಾಟೋಗ್ರಫಿ (ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ) ವಿಧಾನಗಳು ಈಥೈಲ್ ಅಸಿಟೇಟ್ ಮತ್ತು ಎಥನಾಲ್ ಮಿಶ್ರಣದಿಂದಲೂ ನಡೆಯುತ್ತವೆ. ಬಳಸಿದ ದ್ರಾವಕವನ್ನು ಹುಡ್‌ನಲ್ಲಿ ಆವಿಯಾಗಲು ಬಿಟ್ಟು ‘ವಿಲೇವಾರಿ’ ಮಾಡುವ ಪದ್ಧತಿ ಎಲ್ಲಿದ್ದರೂ ಇಂದೇ ನಿಲ್ಲಬೇಕು. ಅಗತ್ಯಕ್ಕಿಂತ ದೊಡ್ಡ ಸೀಸೆ ಅಗ್ಗವೆಂದು ಕೊಳ್ಳುವುದೂ ಬೇಡ: ಮುಗಿಯದೆ ಉಳಿದ ಈಥರ್ ವರ್ಷಗಳ ಕಾಲ ಕೂತರೆ ಅದರಲ್ಲಿ ಸ್ಫೋಟಕ ಪೆರಾಕ್ಸೈಡುಗಳು ಸೇರುತ್ತವೆ.

ಪ್ರಶ್ನೆ: ವಿಭಾಗದ ಮುಖ್ಯಸ್ಥೆಯಾಗಿ ನನಗೆ ಇದೆಲ್ಲ ಒಪ್ಪಿಗೆಯೇ. ಆದರೆ ಹಣವಿಲ್ಲ, ಹಿರಿಯ ಪ್ರಾಧ್ಯಾಪಕರು ಇದು ಸಂಶೋಧನೆಗೆ ಅಡ್ಡಿ ಎನ್ನುತ್ತಾರೆ. ಎಲ್ಲಿಂದ ಆರಂಭಿಸಲಿ? ಪ್ರಮಾಣಪತ್ರ ಪಡೆಯಬೇಕೇ?

ಉತ್ತರ: ಅಡಚಣೆಯ ಮೂಲ ಹಣದ ಕೊರತೆಗಿಂತ ಹೆಚ್ಚಾಗಿ ಹಣ ಹರಿಯುವ ರೀತಿಯಲ್ಲಿದೆ. ಯಂತ್ರವನ್ನು ಕೊಳ್ಳುವುದು ಸಂಶೋಧನಾ ಯೋಜನೆಯ ಅನುದಾನ, ಅದರ ವಿದ್ಯುತ್ ಬಿಲ್ ಕಟ್ಟುವುದು ವಿಶ್ವವಿದ್ಯಾಲಯ. ಹೀಗಿರುವಾಗ ಕೊಳ್ಳುವವರು ಅಗ್ಗದ, ಹೆಚ್ಚು ವಿದ್ಯುತ್ ಉಣ್ಣುವ ಯಂತ್ರವನ್ನೇ ಆರಿಸುವುದರಲ್ಲಿ ಆಶ್ಚರ್ಯವಿಲ್ಲ. ಉಳಿತಾಯದ ಫಲ ಅವರಿಗೆ ಕಾಣುವುದೇ ಇಲ್ಲ. ಪ್ರತಿ ಪ್ರಯೋಗಾಲಯದ ಬಳಕೆಯನ್ನು ಬೇರೆಯಾಗಿ ಅಳೆಯುವ ಮೀಟರು ಮತ್ತು ಉಳಿದ ಹಣದ ಒಂದು ಭಾಗವನ್ನು ಅದೇ ಪ್ರಯೋಗಾಲಯಕ್ಕೆ ಮರಳಿಸುವ ನಿಯಮ, ಇವೆರಡಕ್ಕಾಗಿ ಆಡಳಿತದ ಬಳಿ ಹಟ ಹಿಡಿಯಿರಿ. ಅದು ಆಗುವ ತನಕ ಪ್ಲಗ್ಗಿಗೆ ಜೋಡಿಸುವ ಸಣ್ಣ ಮೀಟರೊಂದನ್ನು ಯಂತ್ರದಿಂದ ಯಂತ್ರಕ್ಕೆ ಸಾಗಿಸಿ ಅಳೆಯಬಹುದು. ಒಣಗಿಸುವ ಓವನ್, ವಾಟರ್ ಬಾತ್‌ಗಳಿಗೆ ಟೈಮರ್ ಹಾಕಬಹುದು. ಆಟೋಕ್ಲೇವನ್ನು ತುಂಬಿದ ಮೇಲೆ ಮಾತ್ರ ನಡೆಸುವಂತೆ ಸರದಿ ಪಟ್ಟಿ ಮಾಡಬಹುದು. ಇವಕ್ಕೆ ಅನುದಾನ ಬೇಕಿಲ್ಲ. ತಾಂತ್ರಿಕ ಸಿಬ್ಬಂದಿಯನ್ನು ಮೊದಲ ಸಭೆಗೇ ಕರೆಯಿರಿ, ಯಾವ ಯಂತ್ರ ಸುಮ್ಮನೆ ಓಡುತ್ತಿದೆ ಎಂಬುದು ಪ್ರಾಧ್ಯಾಪಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಕೊಳ್ಳುವಿಕೆಯ ಮೇಲೂ ಕಣ್ಣಿಡಿ. ಫ್ರಾನ್ಸಿನ ‘ಲ್ಯಾಬೋಸ್ 1ಪಾಯಿಂಟ್5’ ಸಂಶೋಧಕರ ಕೂಟ ನೂರಕ್ಕೂ ಹೆಚ್ಚು ಪ್ರಯೋಗಾಲಯಗಳ ಲೆಕ್ಕ ತೆಗೆದಾಗ, ಇಂಗಾಲ ಹೊರಸೂಸುವಿಕೆಯ ಸುಮಾರು ಅರ್ಧ ಭಾಗ ಕೊಂಡ ಉಪಕರಣ ಮತ್ತು ಸಾಮಗ್ರಿಗಳಿಂದಲೇ ಬಂದಿತ್ತು. ಪಕ್ಕದ ವಿಭಾಗದಲ್ಲಿ ವಾರಕ್ಕೆ ಒಮ್ಮೆ ಓಡುವ ಸೆಂಟ್ರಿಫ್ಯೂಜ್ ಇರುವಾಗ ಇನ್ನೊಂದನ್ನು ತರಿಸುವುದು ಏಕೆ ಎಂಬ ಪ್ರಶ್ನೆಯನ್ನು ಖರೀದಿ ಅರ್ಜಿಯಲ್ಲೇ ಸೇರಿಸಿ.

ಪ್ರಮಾಣಪತ್ರ ಕಡ್ಡಾಯವೇನಲ್ಲ, ಆದರೆ ಉಪಯುಕ್ತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ರೂಪಿಸಿದ ‘ಲೀಫ್’ ಚೌಕಟ್ಟು ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತಗಳಲ್ಲಿ ಏನೇನು ಮಾಡಬೇಕೆಂದು ತಿಳಿಸುತ್ತದೆ. ಅಮೆರಿಕದ ‘ಮೈ ಗ್ರೀನ್ ಲ್ಯಾಬ್’ ಸಂಸ್ಥೆಯೂ ಪ್ರಮಾಣೀಕರಣ ನೀಡುತ್ತದೆ. ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟಿನಂತಹ ಅನುದಾನ ಸಂಸ್ಥೆಗಳು ಇಂಥ ಪ್ರಮಾಣೀಕರಣವನ್ನು ಈಗ ಅಪೇಕ್ಷಿಸುತ್ತಿವೆ.

ಅಡ್ಡಿ ಎನ್ನುವ ಪ್ರಾಧ್ಯಾಪಕರೊಂದಿಗೆ ವಾದಕ್ಕಿಳಿಯುವ ಬದಲು ಅವರದೇ ಪ್ರಯೋಗಾಲಯದ ಒಂದು ಯಂತ್ರಕ್ಕೆ ಒಂದು ವಾರ ಮೀಟರ್ ಹಾಕಲು ಅನುಮತಿ ಕೇಳಿ. ಮಾದರಿಗಳ ಪಟ್ಟಿ, ಸರಿಯಾದ ಲೇಬಲ್, ಪ್ರಯೋಗಕ್ಕೆ ಮುನ್ನ ಎಷ್ಟು ಮಾದರಿ ಬೇಕೆಂಬ ಸಂಖ್ಯಾಶಾಸ್ತ್ರೀಯ ಲೆಕ್ಕ, ಇವು ಸಂಶೋಧನೆಯ ಗುಣಮಟ್ಟಕ್ಕೂ ಬೇಕಾದವೇ ಎಂದು ಅವರಿಗೆ ತಿಳಿದಿದೆ. ಯೋಜನೆಯ ಲೋಪದಿಂದ ಮತ್ತೊಮ್ಮೆ ಮಾಡಬೇಕಾದ ಪ್ರಯೋಗ ಟಿಪ್, ದ್ರಾವಕ, ವಿದ್ಯುತ್ತು, ವಿದ್ಯಾರ್ಥಿಯ ವರ್ಷ ಎಲ್ಲವನ್ನೂ ಎರಡೆರಡು ಬಾರಿ ನುಂಗುತ್ತದೆ. ವಾರದ ಕೊನೆಗೆ ಮೀಟರಿನ ಅಂಕಿಯನ್ನು ಅವರ ಕೈಗೇ ಕೊಡಿ, ಮುಂದಿನ ಕ್ರಮವನ್ನು ಅವರೇ ಸೂಚಿಸಲಿ.