ಕಣ್ಣಿನ ಪೊರೆಯ ಲೇಖನ: ಆ ಕೊನೆಯ ಪ್ಯಾರಾ ಬೇಡ

ನಮಸ್ಕಾರ.

ಕಣ್ಣಿನ ಪೊರೆಗೂ ಆರ್‌ಎನ್‌ಎಗೂ (ಕೋಶದಲ್ಲಿ ಡಿಎನ್‌ಎಯಿಂದ ನಕಲಾಗುವ ಅಣು) ಇರುವ ನಂಟಿನ ಬಗ್ಗೆ ನೀವು ಬರೆದ ‘ಪೊರೆಗೆ ಆರ್‌ಎನ್‌ಎ ಮದ್ದು’ ಲೇಖನ ಶಿರಸಿಯ ನಮ್ಮ ಕಚೇರಿಗೆ ಬಂದು ತಲುಪಿದೆ. ಕುಮಟಾದವರು, ಬಯೋಟೆಕ್ನಾಲಜಿ ಓದುತ್ತಿದ್ದೀರಿ, ಇದು ನಿಮ್ಮ ಮೊದಲ ವಿಜ್ಞಾನ ಲೇಖನ ಎಂದು ಪತ್ರದಲ್ಲಿ ತಿಳಿಸಿದ್ದೀರಿ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಇದರಲ್ಲಿ ಒಳ್ಳೆಯ ಸರಕಿದೆ, ಬಿಡಲು ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕೊನೆಯ ಪ್ಯಾರಾ. ‘ಕೆಲವೇ ವರ್ಷಗಳಲ್ಲಿ ಆಪರೇಷನ್ ಬೇಕಾಗುವುದಿಲ್ಲ, ಆರ್‌ಎನ್‌ಎ ಹನಿ ಹಾಕಿದರೆ ಪೊರೆ ಕರಗುತ್ತದೆ’ ಎಂದಿದ್ದೀರಿ. ಇದನ್ನು ತೆಗೆಯಲೇಬೇಕು. ನಮ್ಮ ಓದುಗರಲ್ಲಿ ವಯಸ್ಸಾದವರು ತುಂಬ ಜನ. ಸಿದ್ದಾಪುರದ ಕಡೆಯ ಒಬ್ಬ ಅಜ್ಜಿ ಇದನ್ನು ಓದಿಸಿಕೊಂಡು, ‘ಹನಿ ಬರ್ತದಂತೆ, ಕಾಯುವ’ ಎಂದು ಆಪರೇಷನ್ ಮುಂದೆ ಹಾಕಿದರೆ? ಅಷ್ಟರಲ್ಲಿ ಅಂಗಳದ ಮೆಟ್ಟಿಲು ಕಾಣದೆ ಬಿದ್ದರೆ? ಪೊರೆ ತೀರಾ ಬಲಿತ ಮೇಲೆ ಆಪರೇಷನ್ನೂ ಕಷ್ಟವಾಗುತ್ತದೆ. ಇವತ್ತಿಗೆ ಇರುವ ಚಿಕಿತ್ಸೆ ಒಂದೇ. ಮಸುಕಾದ ಲೆನ್ಸ್ ತೆಗೆದು ಕೃತಕ ಲೆನ್ಸ್ ಕೂರಿಸುವುದು. 2015ರಲ್ಲಿ ಲ್ಯಾನೊಸ್ಟೆರಾಲ್ ಎಂಬ ವಸ್ತು ನಾಯಿಗಳ ಕಣ್ಣಿನ ಪೊರೆಯನ್ನು ಕಡಿಮೆ ಮಾಡಿತು ಎಂದು ದೊಡ್ಡ ಸುದ್ದಿಯಾಗಿತ್ತು. ಮನುಷ್ಯರ ಕಣ್ಣಿಂದ ತೆಗೆದ ಪೊರೆಯ ಮೇಲೆ ಬೇರೆಯವರು ಅದನ್ನೇ ಪರೀಕ್ಷಿಸಿದಾಗ ಆ ಪರಿಣಾಮ ಕಾಣಲಿಲ್ಲ. ಪೊರೆ ಕರಗಿಸುವ ಹನಿ ಎಂದರೆ ಅಷ್ಟು ಎಚ್ಚರಿಕೆ ಬೇಕು.

ಮುರುಗಲು ಪಾನಕದ ಸಾಲೂ ಬೇಡ. ಮುರುಗಲಿನಲ್ಲಿ ಆಂಟಿಆಕ್ಸಿಡೆಂಟ್ ಇದೆ, ಪೊರೆಗೆ ಆಕ್ಸಿಡೇಟಿವ್ ಸ್ಟ್ರೆಸ್ (ಆಮ್ಲಜನಕದ ಚುರುಕು ಅಣುಗಳಿಂದ ಕೋಶಕ್ಕಾಗುವ ಹಾನಿ; ಅದನ್ನು ತಡೆಯುವುದೇ ಆಂಟಿಆಕ್ಸಿಡೆಂಟ್) ಕಾರಣ, ಆದ್ದರಿಂದ ಪಾನಕ ಕುಡಿದರೆ ಪೊರೆ ಬರುವುದಿಲ್ಲ ಎಂದು ಲೆಕ್ಕ ಹಾಕಿದ್ದೀರಿ. ಕೇಳಲು ಸರಿಯಾಗಿಯೇ ಇದೆ, ಅಲ್ವಾ? ಅಮೆರಿಕದಲ್ಲಿ ಇದೇ ನಂಬಿಕೆಯಿಂದ ಸುಮಾರು 4,700 ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ವಿಟಮಿನ್ ಸಿ, ವಿಟಮಿನ್ ಇ, ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್‌ಗಳನ್ನು ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ಸರಾಸರಿ ಆರು ವರ್ಷಕ್ಕೂ ಹೆಚ್ಚು ಕಾಲ ನೋಡಿದರು. 2001ರಲ್ಲಿ ಫಲಿತಾಂಶ ಬಂತು. ಪೊರೆಯ ಮಟ್ಟಿಗೆ ಏನೂ ವ್ಯತ್ಯಾಸ ಇರಲಿಲ್ಲ. ಯಾಕಿರಬಹುದು ಎಂದು ನೀವು ಕೇಳಬೇಕಿತ್ತು. ಲೆನ್ಸಿಗೆ ರಕ್ತನಾಳವೇ ಇಲ್ಲ. ಬೇಕಾದ್ದೆಲ್ಲ ಸುತ್ತಲಿನ ದ್ರವದಿಂದಲೇ ಒಳಗೆ ಹೋಗಬೇಕು. ವಯಸ್ಸಾದಂತೆ, ಲೆನ್ಸನ್ನು ಆಕ್ಸಿಡೀಕರಣದಿಂದ ಕಾಪಾಡುವ ಗ್ಲುಟಾಥಯೋನ್ ಎಂಬ ವಸ್ತು ನಡುಭಾಗಕ್ಕೆ ತಲುಪುವುದೇ ನಿಧಾನವಾಗುತ್ತದೆ. ಬಾಯಿಗೆ ಹಾಕಿದ್ದೆಲ್ಲ ಅಲ್ಲಿಗೆ ಮುಟ್ಟುವುದಿಲ್ಲ.

ಇನ್ನು ನಿಜವಾದ ತಪ್ಪಿಗೆ ಬರುತ್ತೇನೆ. ಮೂರನೇ ಪುಟದಲ್ಲಿ, ‘ಲೆನ್ಸಿನ ನಡುವಿನ ಮಸುಕಾದ ಕೋಶಗಳಲ್ಲಿ ನಾನ್-ಕೋಡಿಂಗ್ ಆರ್‌ಎನ್‌ಎ ಜಾಸ್ತಿ ತಯಾರಾಗುತ್ತದೆ’ ಎಂದಿದ್ದೀರಿ. ನಾನ್-ಕೋಡಿಂಗ್ ಎಂದರೆ ತಾನೇ ಪ್ರೋಟೀನ್ ಮಾಡದ ಆರ್‌ಎನ್‌ಎ. ಆದರೆ ಲೆನ್ಸಿನ ನಡುವಿನ ಕೋಶಗಳಲ್ಲಿ ಡಿಎನ್‌ಎ ಇರುವ ನ್ಯೂಕ್ಲಿಯಸ್ಸೇ ಇಲ್ಲ. ಬೆಳಕು ತಡೆಯಿಲ್ಲದೆ ಹಾದುಹೋಗಲಿ ಎಂದು ಬೆಳೆಯುವಾಗಲೇ ಅದನ್ನು ಕಳೆದುಕೊಂಡಿರುತ್ತವೆ. ಡಿಎನ್‌ಎ ಇಲ್ಲದ ಕಡೆ ಹೊಸ ಆರ್‌ಎನ್‌ಎ ಹೇಗೆ ತಯಾರಾದೀತು? ನಾವು ಹುಟ್ಟುವ ಮೊದಲೇ ಆದ, ಲೆನ್ಸನ್ನು ತಿಳಿಯಾಗಿಡುವ ಕ್ರಿಸ್ಟಲಿನ್ ಎಂಬ ಪ್ರೋಟೀನುಗಳು ಅಲ್ಲಿ ಸಾಯುವವರೆಗೂ ಹಾಗೇ ಇರುತ್ತವೆ. ಹಾಳಾದರೆ ಬದಲಿ ಬರುವುದಿಲ್ಲ. ಆಕ್ಸಿಡೀಕರಣವಾದಂತೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಬೆಳಕು ಚದುರುತ್ತದೆ. ಬೆಂದ ಮೊಟ್ಟೆಯ ಬಿಳಿ ಹೇಗೆ ಪಾರದರ್ಶಕತೆ ಕಳೆದುಕೊಳ್ಳುತ್ತದೋ ಹಾಗೆ. ನಿಮ್ಮ ಲೇಖನದಲ್ಲಿ ಈ ಮಾತು ಎಲ್ಲೂ ಇಲ್ಲ. ಇದಿಲ್ಲದೆ ಪೊರೆ ಎಂದರೇನು ಎಂದೇ ಓದುಗರಿಗೆ ಗೊತ್ತಾಗುವುದಿಲ್ಲ.

ಹಾಗಾದರೆ ಆರ್‌ಎನ್‌ಎ ಕತೆ ನಡೆಯುವುದು ಎಲ್ಲಿ? ಲೆನ್ಸಿನ ಮುಂಭಾಗದ ಒಂದೇ ಒಂದು ಪದರದ ಎಪಿಥೀಲಿಯಲ್ (ಹೊದಿಕೆ) ಕೋಶಗಳಲ್ಲಿ. ಇವುಗಳಲ್ಲಿ ನ್ಯೂಕ್ಲಿಯಸ್ ಇದೆ. ಇಡೀ ಲೆನ್ಸನ್ನು ಕಾಪಾಡುವ ಕೆಲಸದಲ್ಲಿ ಈ ಪದರದ್ದು ದೊಡ್ಡ ಪಾಲು. ಪೊರೆಯ ಆಪರೇಷನ್ ಮಾಡುವಾಗ ಡಾಕ್ಟರು ಲೆನ್ಸಿನ ಮುಂದಿನ ತೆಳು ಚೀಲವನ್ನು ಸುಮಾರು 5 ಮಿಲಿಮೀಟರ್ ಅಗಲಕ್ಕೆ ಗುಂಡಗೆ ಹರಿದು ತೆಗೆಯುತ್ತಾರೆ. ಆ ಚೂರಿಗೆ ಈ ಕೋಶಗಳು ಅಂಟಿಕೊಂಡೇ ಬರುತ್ತವೆ. ಸಾಮಾನ್ಯವಾಗಿ ಅದು ಕಸಕ್ಕೆ ಹೋಗುತ್ತದೆ. ಸಂಶೋಧಕರು ಅದನ್ನೇ ಎತ್ತಿಟ್ಟುಕೊಂಡು ಅದರೊಳಗಿನ ಆರ್‌ಎನ್‌ಎ ಅಳೆಯುತ್ತಾರೆ. ಎಷ್ಟು ಒಳ್ಳೆಯ ದೃಶ್ಯ ಇದು! ಹತ್ತಿರದ ನೇತ್ರ ವೈದ್ಯರೊಬ್ಬರನ್ನು ಕೇಳಿ, ವಿಡಿಯೋ ಆದರೂ ನೋಡಿ, ಆಮೇಲೆ ಬರೆಯಿರಿ.

ನೀವು ಇಂಥ 11 ಆರ್‌ಎನ್‌ಎ ಅಣುಗಳ ಹೆಸರು ಕೊಟ್ಟಿದ್ದೀರಿ. ಒಂದು ಸಾಕು. ಮೈಕ್ರೋ ಆರ್‌ಎನ್‌ಎ-34ಎ ಇಟ್ಟುಕೊಳ್ಳಿ. ಸುಮಾರು 22 ಅಕ್ಷರಗಳಷ್ಟೇ (ಆರ್‌ಎನ್‌ಎಯ ಕೊಂಡಿಗಳನ್ನು ಹೀಗೆ ಕರೆಯುತ್ತಾರೆ) ಉದ್ದದ ತುಣುಕು. ತಾನು ಪ್ರೋಟೀನ್ ಮಾಡುವುದಿಲ್ಲ, ಬೇರೆ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ. ಅದು ತಡೆಯುವುದರಲ್ಲಿ ಒಂದು ಸರ್ಟ್-1, ಕೋಶವನ್ನು ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಕಾಪಾಡುವ ಪ್ರೋಟೀನ್. ಪೊರೆ ಜಾಸ್ತಿಯಿದ್ದವರ ಆ ಚೂರಿನಲ್ಲಿ 34ಎ ಕೂಡ ಜಾಸ್ತಿ ಕಂಡಿದೆ. ಇಲ್ಲಿಗೆ ನಿಲ್ಲಿಸಿ. ಜಾಸ್ತಿ ಇದ್ದ ಮಾತ್ರಕ್ಕೆ ಅದೇ ಕಾರಣ ಎನ್ನಲು ಬರುವುದಿಲ್ಲ. ಹೋಲಿಸಿ ನೋಡಲು ಅದೇ ವಯಸ್ಸಿನ, ಪೊರೆಯಿಲ್ಲದ ಲೆನ್ಸ್ ಸಿಗುವುದೂ ಕಷ್ಟ. ಉಳಿದ ಪ್ರಯೋಗಗಳಲ್ಲಿ ಹೆಚ್ಚಿನವು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಉಂಟುಮಾಡುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಮಾಡಿದವು. ಕಣ್ಣಿನಲ್ಲಿ ಐವತ್ತು ಅರವತ್ತು ವರ್ಷ ತಗಲುವುದನ್ನು ತಟ್ಟೆಯಲ್ಲಿ ಒಂದೆರಡು ದಿನದಲ್ಲಿ ಮಾಡುತ್ತಾರೆ. ಪ್ರತಿ ಸಲವೂ ‘ತಟ್ಟೆಯಲ್ಲಿ’, ‘ಇಲಿಯಲ್ಲಿ’, ‘ಮನುಷ್ಯರಲ್ಲಿ’ ಎಂದು ಬಿಡಿಸಿ ಹೇಳಿ. ಹೇಳದಿದ್ದರೆ ಓದುಗರು ಎಲ್ಲವನ್ನೂ ಮನುಷ್ಯರದ್ದೇ ಎಂದುಕೊಳ್ಳುತ್ತಾರೆ.

ಮೈಕ್ರೋ ಆರ್‌ಎನ್‌ಎ ಕಂಡುಹಿಡಿದ ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ 2024ರ ನೊಬೆಲ್ ಬಂದದ್ದನ್ನು ಒಂದು ಸಾಲಿನಲ್ಲಿ ಹೇಳಿದ್ದೀರಿ. ಅಷ್ಟು ಸಾಕು.

ನಿಮ್ಮ ಲೇಖನದಲ್ಲಿ ನನಗೆ ತುಂಬ ಹಿಡಿಸಿದ್ದು ಎರಡನೇ ಪುಟದ ನಾಲ್ಕು ಸಾಲು. ತದಡಿಯಲ್ಲಿ ಬೋಟಿಗೆ ಹೋಗುವ ನಿಮ್ಮ ಚಿಕ್ಕಪ್ಪನಿಗೆ ರಾತ್ರಿ ಎದುರಿನ ಬೋಟಿನ ಲೈಟು ಒಡೆದು ಹರಡಿದ ಹಾಗೆ ಕಾಣುತ್ತದೆ ಎಂದು ಬರೆದು, ಅಲ್ಲಿಗೇ ಬಿಟ್ಟು ಅಣುಗಳ ಹೆಸರಿಗೆ ಹೋಗಿದ್ದೀರಿ. ಲೇಖನ ಅಲ್ಲೇ ಇತ್ತು. ಅಮೆರಿಕದ ಮೇರಿಲ್ಯಾಂಡ್‌ನ ಚೆಸಪೀಕ್ ಕೊಲ್ಲಿಯಲ್ಲಿ ಮೀನು, ಏಡಿ ಹಿಡಿಯುವ 838 ಜನರನ್ನು ಪರೀಕ್ಷಿಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಕಣ್ಣಿಗೆ ಬಿದ್ದ ಬಿಸಿಲಿನ ಯುವಿ-ಬಿ (ಒಂದು ಬಗೆಯ ಅತಿನೇರಳೆ) ಕಿರಣ ದುಪ್ಪಟ್ಟಾದರೆ, ಲೆನ್ಸಿನ ಹೊರಭಾಗದಲ್ಲಿ ಬರುವ ಕಾರ್ಟಿಕಲ್ ಪೊರೆಯ ಅಪಾಯ 1.6 ಪಟ್ಟು ಆಗುತ್ತದೆ ಎಂದು ಕಂಡಿತು. ನಡುವಿನ ಪೊರೆಗೆ ಅಂಥ ನಂಟು ಸಿಗಲಿಲ್ಲ. ಬಿಸಿಲು, ಆಕ್ಸಿಡೇಟಿವ್ ಸ್ಟ್ರೆಸ್, ಲೆನ್ಸು, ಮೂರೂ ಒಬ್ಬ ಮೀನುಗಾರನ ಕಣ್ಣಿನಲ್ಲಿ ಸೇರುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಓದುವವರಿಗೆ ಇದು ತಮ್ಮದೇ ಮಾತು ಅನಿಸುತ್ತದೆ. ಅಂಚಿರುವ ಟೊಪ್ಪಿ, ಯುವಿ ತಡೆಯುವ ಕನ್ನಡಕ, ಬೀಡಿ ಸಿಗರೇಟು ಬಿಡುವುದು, ಸಕ್ಕರೆ ಕಾಯಿಲೆ ಹಿಡಿತದಲ್ಲಿಡುವುದು, ಇವನ್ನು ಧೈರ್ಯವಾಗಿ ಬರೆಯಬಹುದು.

ತಿದ್ದಿದ ಲೇಖನ 1,200 ಪದ ದಾಟದಿರಲಿ. ದೀಪಾವಳಿ ವಿಶೇಷಾಂಕಕ್ಕೆ ಜಾಗ ಇಟ್ಟಿರುತ್ತೇನೆ, ನವರಾತ್ರಿಯೊಳಗೆ ಕಳಿಸಿ. ಚಿಕ್ಕಪ್ಪನ ವಿಷಯ ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿ. ಲೇಖನ ತಡವಾದರೂ ಪರವಾಗಿಲ್ಲ, ಅವರನ್ನು ಮಾತ್ರ ಈ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಲೈಟು ಹಾಗೆ ಹರಡುವುದು ಪೊರೆಯ ಲಕ್ಷಣ ಇರಬಹುದು.

ಸಂಪಾದಕ
ಶಿರಸಿ