ತಾಂಜಾನಿಯಾದಲ್ಲಿ ಸ್ವಯಂಸೇವಕರಾಗಿ ಹೋದವರಿಗೆ ಅಲ್ಲಿನ ಗಂಟೆ ಲೆಕ್ಕ ಯಾಕೆ ಗೊಂದಲ ಮಾಡುತ್ತದೆ?

ಯಾಕೆಂದರೆ ಅಲ್ಲಿನ ಭಾಷೆಯಾದ ಸ್ವಾಹಿಲಿ ಮಾತಾಡುವವರು ಗಂಟೆಯನ್ನು ಸೂರ್ಯ ಹುಟ್ಟುವ ಹೊತ್ತಿನಿಂದ, ಅಂದರೆ ನಮ್ಮ ಬೆಳಿಗ್ಗೆ 6ರಿಂದ ಎಣಿಸುತ್ತಾರೆ, ನಾವು ಮಧ್ಯರಾತ್ರಿಯಿಂದ. ಹಾಗಾಗಿ ಎರಡಕ್ಕೂ ಸರಿಯಾಗಿ 6 ಗಂಟೆ ವ್ಯತ್ಯಾಸ. ನಮ್ಮ ಬೆಳಿಗ್ಗೆ 7 ಅವರಿಗೆ ಒಂದು ಗಂಟೆ, ನಮ್ಮ ಮಧ್ಯಾಹ್ನ 12 ಅವರಿಗೆ ಆರು. ಸಂಜೆ ಕತ್ತಲಾದ ಮೇಲೆ ಮತ್ತೆ ಒಂದರಿಂದ ಶುರು.

ಇದು ಅಲ್ಲಿ ನಡೆಯೋದಕ್ಕೆ ಕಾರಣ ಸಮಭಾಜಕ ವೃತ್ತ ಹತ್ತಿರ ಇರೋದು. ಅಲ್ಲಿನ ದೊಡ್ಡ ನಗರ ದಾರ್ ಎಸ್ ಸಲಾಮ್‌ನಲ್ಲಿ ವರ್ಷಪೂರ್ತಿ ಸೂರ್ಯ ಹುಟ್ಟೋದು ಬೆಳಿಗ್ಗೆ ಸುಮಾರು 5:50ರಿಂದ 6:40ರೊಳಗೆ, ಮುಳುಗೋದು ಸಂಜೆ 6ರಿಂದ 7ರೊಳಗೆ, ಹಗಲು ಇರುಳು ಹೆಚ್ಚು ಕಡಿಮೆ ಸಮ, ಹಾಗಾಗಿ ಈ ಲೆಕ್ಕ ಯಾವ ತಿಂಗಳಲ್ಲೂ ಕೆಡುವುದಿಲ್ಲ. ನಮ್ಮ ಪಂಚಾಂಗದ ಗಳಿಗೆಯೂ ಸೂರ್ಯೋದಯದಿಂದಲೇ ಅಲ್ವಾ, ಹಾಗೇ.

ತೊಂದರೆ ಆಗೋದು ಬಸ್ ವಿಷಯದಲ್ಲೇ ಜಾಸ್ತಿ. ದೂರದ ಊರಿನ ಬಸ್ಸು ಬೆಳಗ್ಗೆ ಹನ್ನೆರಡಕ್ಕೆ ಅಂದರೆ ಅದು ನಮ್ಮ 6 ಗಂಟೆ, ಮಧ್ಯಾಹ್ನ ಹೋಗಿ ನಿಂತರೆ ಬಸ್ಸು ಎಷ್ಟೋ ದೂರ ಹೋಗಿರುತ್ತದೆ. ಮೊಬೈಲು, ಆಫೀಸು, ಇಂಗ್ಲಿಷ್ ಮಾತಲ್ಲಿ ಮಾತ್ರ ಸಾಮಾನ್ಯವಾಗಿ ನಮ್ಮ ಲೆಕ್ಕವೇ. ಅದಕ್ಕೇ ಯಾರಾದರೂ ಹೊತ್ತು ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ, ‘ಸ್ವಾಹಿಲಿ ಲೆಕ್ಕವಾ, ಇಂಗ್ಲಿಷ್ ಲೆಕ್ಕವಾ’ ಅಂತ ಕೇಳಿಬಿಡಿ. ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.